ಬಿಸಿಯೇರಿದಾಗ ಡಯೋಡ್, ಟ್ರಾನ್ಸಿಸ್ಟರ್‌ಗಳಲ್ಲಿ ಏನಾಗುತ್ತದೆ?

ಸಿಲಿಕಾನ್ ಡಯೋಡ್ ವಾಹಕವಾಗಿರುವಾಗ ಅದರ ಎರಡು ತುದಿಗಳ ನಡುವೆ 0.6ರಿಂದ 0.7 ವೋಲ್ಟ್ ಇರುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆ ಅಂಕಿ ಸರಿ ಹೊಂದುವುದು ಕೋಣೆಯ ಉಷ್ಣಾಂಶದಲ್ಲಿ, ಅದೂ ಕೆಲವೇ ಮಿಲಿಆಂಪಿಯರ್ ಕರೆಂಟ್ ಹರಿಯುವಾಗ. ಡಯೋಡ್ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಅದೇ ಕರೆಂಟಿಗೆ 0.5 ವೋಲ್ಟಿನ ಆಸುಪಾಸು ಸಾಕಾಗುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಇರುವುದೂ ಇಂಥದೇ ಜಂಕ್ಷನ್ ಆದ್ದರಿಂದ ಅದಕ್ಕೂ ಈ ಮಾತು ಅನ್ವಯಿಸುತ್ತದೆ. ಡೇಟಾಶೀಟ್‌ಗಳಲ್ಲಿ ಅಚ್ಚಾಗುವ ಬಹುಪಾಲು ಅಂಕಿಗಳು 25 ಡಿಗ್ರಿಗೆ ಸಂಬಂಧಿಸಿದವು. ಸರ್ಕ್ಯೂಟ್ ಕೆಲಸ ಮಾಡಬೇಕಾದ ಪೆಟ್ಟಿಗೆಯೊಳಗೆ ಮಾತ್ರ ಆ ಉಷ್ಣಾಂಶ ಸಿಗುವುದು ಅಪರೂಪ.

ಒಳಗೆ ನಡೆಯುವುದೇನು?

ಅರೆವಾಹಕದ ಹರಳಿನಲ್ಲಿ ಪರಮಾಣುಗಳನ್ನು ಬೆಸೆದಿರುವ ಎಲೆಕ್ಟ್ರಾನ್‌ಗಳು ಶಾಖದಿಂದ ಸಾಕಷ್ಟು ಶಕ್ತಿ ಪಡೆದಾಗ ಬಂಧ ಬಿಡಿಸಿಕೊಂಡು ಓಡಾಡತೊಡಗುತ್ತವೆ. ಅವು ತೆರವು ಮಾಡಿದ ಜಾಗಗಳು ಹೋಲ್‌ಗಳಾಗಿ ಉಳಿಯುತ್ತವೆ. ಎಲೆಕ್ಟ್ರಾನ್ ಬಿಡುಗಡೆಯಾಗಲು ಬೇಕಾದ ಶಕ್ತಿಗೆ ಬ್ಯಾಂಡ್ ಗ್ಯಾಪ್ ಎಂದು ಹೆಸರು. ಜರ್ಮೇನಿಯಂನಲ್ಲಿ ಇದು ಸುಮಾರು 0.66 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನಲ್ಲಿ 1.12. ಉಷ್ಣಾಂಶ ಏರಿದಂತೆ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳ ಸಂಖ್ಯೆ ಸಮನಾಗಿ ಏರದೆ ಘಾತೀಯವಾಗಿ ಏರುತ್ತದೆ. ಸಿಲಿಕಾನಿನಲ್ಲಿ ಪ್ರತಿ ಹತ್ತು ಡಿಗ್ರಿಗೆ ಅದು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ತಾಮ್ರದ ತಂತಿಯಲ್ಲಿ ವಾಹಕ ಕಣಗಳ ಸಂಖ್ಯೆ ಹೀಗೆ ಬದಲಾಗುವುದಿಲ್ಲ. ಅದು ಕಾದರೆ ಅದರ ರೆಸಿಸ್ಟೆನ್ಸ್ ಸ್ವಲ್ಪ ಹೆಚ್ಚುತ್ತದೆ, ಅಷ್ಟೆ.

ಬ್ಯಾಂಡ್ ಗ್ಯಾಪ್ ಕಡಿಮೆ ಇರುವ ಜರ್ಮೇನಿಯಂ ಶಾಖಕ್ಕೆ ಬೇಗ ಸೋಲುತ್ತದೆ. ಅದರ ಟ್ರಾನ್ಸಿಸ್ಟರ್‌ಗಳು ಸಾಮಾನ್ಯವಾಗಿ 75ರಿಂದ 90 ಡಿಗ್ರಿ ದಾಟಿದರೆ ಕೆಲಸಕ್ಕೆ ಬಾರವು. ಸಿಲಿಕಾನ್ 150 ಡಿಗ್ರಿಯವರೆಗೆ, ಲೋಹದ ಕವಚದಲ್ಲಿದ್ದರೆ 200ರವರೆಗೂ ತಡೆಯುತ್ತದೆ. ಈ ಅಂತರವನ್ನು ಜನರೆದುರು ತೋರಿಸಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಗಾರ್ಡನ್ ಟೀಲ್. 1954ರ ಮೇ ತಿಂಗಳಲ್ಲಿ ಅಮೆರಿಕದ ಡೇಟನ್ ನಗರದ ಸಮ್ಮೇಳನವೊಂದರಲ್ಲಿ ಅವರು ಹಾಡುತ್ತಿದ್ದ ರೆಕಾರ್ಡ್ ಪ್ಲೇಯರಿನ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿದರು, ಹಾಡು ನಿಂತಿತು. ಸಿಲಿಕಾನ್ ಟ್ರಾನ್ಸಿಸ್ಟರನ್ನು ಮುಳುಗಿಸಿದಾಗ ಹಾಡು ಮುಂದುವರಿಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದದ್ದೂ ಅದೇ ವರ್ಷ. ಅಲ್ಲಿಯೂ 1960ರ ದಶಕದಲ್ಲಿ ಮೊದಲು ತಯಾರಾದವು ಜರ್ಮೇನಿಯಂ ಬಿಡಿಭಾಗಗಳೇ. ಆ ಕಾಲದ ಟ್ರಾನ್ಸಿಸ್ಟರ್ ರೇಡಿಯೋ ದುರಸ್ತಿ ಮಾಡುವವರು ಇಂದಿಗೂ ಕಾವಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಬೆಸುಗೆ ಹಾಕುವಾಗ ಟ್ರಾನ್ಸಿಸ್ಟರಿನ ಕಾಲನ್ನು ಚಿಮಟದಲ್ಲಿ ಹಿಡಿದು ಶಾಖವನ್ನು ಅದರಲ್ಲೇ ತಡೆಯುವುದು ಒಳ್ಳೆಯದು.

ಡಯೋಡ್: ಇಳಿಯುವ ವೋಲ್ಟೇಜ್, ಏರುವ ಸೋರಿಕೆ

ಫಾರ್ವರ್ಡ್ ದಿಕ್ಕಿನಲ್ಲಿ ಕರೆಂಟನ್ನು ಬದಲಿಸದೆ ಇಟ್ಟರೆ ಸಿಲಿಕಾನ್ ಡಯೋಡಿನ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇದನ್ನು ನೋಡಲು ಮನೆಯಲ್ಲಿರುವ ಡಿಜಿಟಲ್ ಮಲ್ಟಿಮೀಟರ್ ಸಾಕು. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಆನೋಡಿಗೂ ಕಪ್ಪು ಕಡ್ಡಿಯನ್ನು ಪಟ್ಟಿ ಇರುವ ಕ್ಯಾಥೋಡ್ ತುದಿಗೂ ಕ್ಲಿಪ್‌ನಿಂದ ಸಿಕ್ಕಿಸಬೇಕು. 1ಎನ್4148 ಡಯೋಡ್ ಆದರೆ ಪರದೆಯಲ್ಲಿ 0.600ರ ಆಸುಪಾಸಿನ ಅಂಕಿ ಬರುತ್ತದೆ. ಈಗ ಡಯೋಡಿನ ಗಾಜಿನ ಮೈಯನ್ನು ಎರಡು ಬೆರಳುಗಳಲ್ಲಿ ಹಿಡಿದರೆ ಕೊನೆಯ ಅಂಕೆಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಬೆರಳಿನ ಬಿಸಿ ಕೋಣೆಗಿಂತ ಏಳೆಂಟು ಡಿಗ್ರಿ ಹೆಚ್ಚಿದ್ದರೆ ಹದಿನೈದು ಮಿಲಿವೋಲ್ಟ್‌ನಷ್ಟು ಇಳಿದು ನಿಲ್ಲುತ್ತದೆ. ಬಿಟ್ಟರೆ ಮತ್ತೆ ಮೇಲೇರುತ್ತದೆ. ಬೆಸುಗೆ ಕಡ್ಡಿಯನ್ನು ತಾಕಿಸದೆ ಹತ್ತಿರ ತಂದರೆ ಇಳಿತ ಇನ್ನೂ ಸ್ಪಷ್ಟ.

ರಿವರ್ಸ್ ದಿಕ್ಕಿನಲ್ಲಿ ಡಯೋಡ್ ಕರೆಂಟನ್ನು ಪೂರ್ತಿ ತಡೆಯುವುದಿಲ್ಲ. ಅತ್ಯಲ್ಪ ಪ್ರಮಾಣದ ಲೀಕೇಜ್ ಇದ್ದೇ ಇರುತ್ತದೆ. ಪ್ರತಿ 10 ಡಿಗ್ರಿಗೆ ಲೀಕೇಜ್ ಎರಡು ಪಟ್ಟಾಗುತ್ತದೆ ಎಂಬುದು ಇಲ್ಲಿ ಬಳಸುವ ಸ್ಥೂಲ ಲೆಕ್ಕ. ಅದರಂತೆ 25 ಡಿಗ್ರಿಯಲ್ಲಿ 10 ನ್ಯಾನೋಆಂಪಿಯರ್ ಇದ್ದದ್ದು 85 ಡಿಗ್ರಿಗೆ 64 ಪಟ್ಟು, ಅಂದರೆ 640 ನ್ಯಾನೋಆಂಪಿಯರ್ ಆಗುತ್ತದೆ. ಪವರ್ ಸಪ್ಲೈ ರೆಕ್ಟಿಫೈಯರಿನಲ್ಲಿ ಇದು ಲೆಕ್ಕಕ್ಕೆ ಬಾರದು. ಆದರೆ ಕೆಪಾಸಿಟರಿನಲ್ಲಿ ವೋಲ್ಟೇಜನ್ನು ಬಹಳ ಹೊತ್ತು ಹಿಡಿದಿಡುವ ಸರ್ಕ್ಯೂಟಿನಲ್ಲಾಗಲಿ, ಅತಿ ಸಣ್ಣ ಸಂಕೇತ ಅಳೆಯುವ ಕಡೆಯಾಗಲಿ ಇಷ್ಟೇ ಲೀಕೇಜ್ ಫಲಿತಾಂಶವನ್ನು ಕೆಡಿಸುತ್ತದೆ.

ಶಾಟ್ಕಿ ಡಯೋಡಿನಲ್ಲಿ ಫಾರ್ವರ್ಡ್ ವೋಲ್ಟೇಜ್ ಕಡಿಮೆ ಎಂಬ ಲಾಭದ ಜೊತೆಗೆ ಲೀಕೇಜ್ ಬಹಳ ಹೆಚ್ಚು ಎಂಬ ದೋಷವೂ ಇದೆ. ಸ್ವಿಚಿಂಗ್ ಪವರ್ ಸಪ್ಲೈಯಲ್ಲಿ ಅದು ಕಾದಂತೆ ಲೀಕೇಜ್ ಏರಿ, ಲೀಕೇಜಿನಿಂದಲೇ ಇನ್ನಷ್ಟು ಕಾದು, ಕೊನೆಗೆ ಶಾರ್ಟ್ ಆಗುವ ಸಂಭವವಿದೆ. ಆದ್ದರಿಂದ ಶಾಟ್ಕಿ ಆರಿಸುವಾಗ ಡೇಟಾಶೀಟಿನಲ್ಲಿ 25 ಡಿಗ್ರಿಯ ಲೀಕೇಜಿನ ಬದಲು 100 ಅಥವಾ 125 ಡಿಗ್ರಿಯದನ್ನು ನೋಡಬೇಕು.

ಝೀನರ್ ಡಯೋಡಿನ ನಡೆ ಅದರ ವೋಲ್ಟೇಜನ್ನು ಅವಲಂಬಿಸಿದೆ. ಸುಮಾರು 5 ವೋಲ್ಟಿಗಿಂತ ಕೆಳಗಿನವುಗಳ ವೋಲ್ಟೇಜ್ ಬಿಸಿಯಾದಂತೆ ಇಳಿಯುತ್ತದೆ, ಮೇಲಿನವುಗಳದು ಏರುತ್ತದೆ. ಕೆಳಗಿನವುಗಳಲ್ಲಿ ಝೀನರ್ ಪರಿಣಾಮ ಮುಖ್ಯವಾದರೆ ಮೇಲಿನವುಗಳಲ್ಲಿ ಅವಲಾಂಚ್ ಪರಿಣಾಮ ಮುಖ್ಯ. ಎರಡೂ ಸೇರುವ 5.1ರಿಂದ 5.6 ವೋಲ್ಟಿನ ಝೀನರ್‌ಗಳಲ್ಲಿ ಒಂದು ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಸ್ಥಿರವಾದ ರೆಫರೆನ್ಸ್ ಬೇಕಾದ ಕಡೆ ಈ ವೋಲ್ಟೇಜನ್ನೇ ಆರಿಸುವ ರೂಢಿಗೆ ಇದೇ ಕಾರಣ. 1ಎನ್821 ಸರಣಿಯ 6.2 ವೋಲ್ಟಿನ ರೆಫರೆನ್ಸ್ ಡಯೋಡುಗಳಲ್ಲಿ ಏರುವ ಝೀನರಿನ ಜೊತೆಗೆ ಇಳಿಯುವ ಮಾಮೂಲಿ ಜಂಕ್ಷನ್ ಒಂದನ್ನು ಒಳಗೇ ಸೇರಿಸಿ ಇದೇ ಹೊಂದಾಣಿಕೆ ಮಾಡಲಾಗಿದೆ.

ಎಲ್‌ಇಡಿಯಲ್ಲೂ ಫಾರ್ವರ್ಡ್ ವೋಲ್ಟೇಜ್ ಇಳಿಯುತ್ತದೆ; ಜೊತೆಗೆ ಬೆಳಕೂ ತಗ್ಗುತ್ತದೆ. ಸ್ಥಿರ ವೋಲ್ಟೇಜಿಗೆ ನೇರವಾಗಿ ಜೋಡಿಸಿದ ಎಲ್‌ಇಡಿ ಬಿಸಿಯಾದಷ್ಟೂ ಹೆಚ್ಚು ಕರೆಂಟ್ ಎಳೆದುಕೊಂಡು ಸುಡುತ್ತದೆ. ಅದನ್ನು ಯಾವಾಗಲೂ ಸೀರೀಸ್ ರೆಸಿಸ್ಟರ್ ಅಥವಾ ಸ್ಥಿರ ಕರೆಂಟಿನ ಡ್ರೈವರ್ ಮೂಲಕವೇ ಉರಿಸಬೇಕು.

ಟ್ರಾನ್ಸಿಸ್ಟರಿನಲ್ಲಿ ಮೂರು ಬದಲಾವಣೆಗಳು

ಬೈಪೋಲಾರ್ ಟ್ರಾನ್ಸಿಸ್ಟರ್ ಬಿಸಿಯಾದಾಗ ಮೂರು ಸಂಗತಿಗಳು ಒಟ್ಟಿಗೇ ಬದಲಾಗುತ್ತವೆ. ಬೇಸ್–ಎಮಿಟರ್ ವೋಲ್ಟೇಜ್ ಡಿಗ್ರಿಗೆ 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಬೀಟಾ ಎಂದು ಕರೆಯುವ ಕರೆಂಟ್ ಗೇನ್ ಡಿಗ್ರಿಗೆ ಶೇ 0.5ರಿಂದ 1ರಷ್ಟು ಏರುತ್ತದೆ. ಕಲೆಕ್ಟರ್–ಬೇಸ್ ಜಂಕ್ಷನ್ನಿನ ಲೀಕೇಜ್ 10 ಡಿಗ್ರಿಗೊಮ್ಮೆ ಇಮ್ಮಡಿಯಾಗುತ್ತದೆ. ಮೂರೂ ಕಲೆಕ್ಟರ್ ಕರೆಂಟನ್ನು ಹೆಚ್ಚಿಸುವ ದಿಕ್ಕಿನಲ್ಲೇ ಇವೆ.

ಇವುಗಳಲ್ಲಿ ಯಾವುದು ಮುಖ್ಯ ಎಂಬುದನ್ನು ಟ್ರಾನ್ಸಿಸ್ಟರಿನ ವಸ್ತು ನಿರ್ಧರಿಸುತ್ತದೆ. ಜರ್ಮೇನಿಯಂನಲ್ಲಿ ಲೀಕೇಜೇ ದೊಡ್ಡ ತೊಡಕು. 25 ಡಿಗ್ರಿಯಲ್ಲಿ 5 ಮೈಕ್ರೋಆಂಪಿಯರ್ ಇದ್ದ ಲೀಕೇಜ್ 55 ಡಿಗ್ರಿಗೆ 40 ಆಗುತ್ತದೆ. ಎಮಿಟರ್ ರೆಸಿಸ್ಟರ್ ಇಲ್ಲದ ಸರ್ಕ್ಯೂಟಿನಲ್ಲಿ ಅದು ಬೀಟಾದಿಂದ ಗುಣಿತವಾಗಿ, ಬೀಟಾ 100 ಇದ್ದರೆ, 4 ಮಿಲಿಆಂಪಿಯರ್ ಕಲೆಕ್ಟರ್ ಕರೆಂಟಾಗಿ ಕಾಣಿಸಿಕೊಳ್ಳುತ್ತದೆ. ಸಿಲಿಕಾನಿನ ಬಿಸಿ547ನಂಥ ಸಣ್ಣ ಟ್ರಾನ್ಸಿಸ್ಟರಿನ ಲೀಕೇಜ್ ಕೆಲವೇ ನ್ಯಾನೋಆಂಪಿಯರ್ ಆದ್ದರಿಂದ ಅಲ್ಲಿ ಬೇಸ್–ಎಮಿಟರ್ ವೋಲ್ಟೇಜ್ ಮತ್ತು ಬೀಟಾ ಮುಖ್ಯವಾಗುತ್ತವೆ.

ಬೇಸ್–ಎಮಿಟರ್ ವೋಲ್ಟೇಜನ್ನು ಹೊರಗಿನಿಂದ ಬಿಗಿಯಾಗಿ ಹಿಡಿದಿಟ್ಟರೆ ಪರಿಣಾಮ ವಿಪರೀತ. ಆ ವೋಲ್ಟೇಜಿನಲ್ಲಿ 18 ಮಿಲಿವೋಲ್ಟ್ ವ್ಯತ್ಯಾಸವಾದರೆ ಕಲೆಕ್ಟರ್ ಕರೆಂಟ್ ಎರಡು ಪಟ್ಟಾಗುತ್ತದೆ. 40 ಡಿಗ್ರಿ ಏರಿಕೆ 80 ಮಿಲಿವೋಲ್ಟಿಗೆ ಸಮ. ಹಾಗಾಗಿ 1 ಮಿಲಿಆಂಪಿಯರ್ ಹರಿಯಬೇಕಾದ ಕಡೆ 20 ಮಿಲಿಆಂಪಿಯರ್ ಹರಿಯಲು ಹವಣಿಸುತ್ತದೆ.

ಥರ್ಮಲ್ ರನ್‌ಅವೇ

ಕರೆಂಟ್ ಹೆಚ್ಚಿದರೆ ಟ್ರಾನ್ಸಿಸ್ಟರಿನೊಳಗೆ ವ್ಯಯವಾಗುವ ವ್ಯಾಟ್ ಹೆಚ್ಚುತ್ತದೆ, ವ್ಯಾಟ್ ಹೆಚ್ಚಿದರೆ ಜಂಕ್ಷನ್ ಇನ್ನಷ್ಟು ಕಾಯುತ್ತದೆ, ಕಾದ ಜಂಕ್ಷನ್ ಮತ್ತಷ್ಟು ಕರೆಂಟ್ ಬಿಡುತ್ತದೆ. ಈ ಚಕ್ರ ತಾನಾಗಿ ನಿಲ್ಲದೆ ಟ್ರಾನ್ಸಿಸ್ಟರನ್ನು ಸುಟ್ಟುಹಾಕುವುದೇ ಥರ್ಮಲ್ ರನ್‌ಅವೇ. ಪ್ರತಿ ಡಿಗ್ರಿ ಏರಿಕೆಗೆ ಹೊಸದಾಗಿ ಹುಟ್ಟುವ ಶಾಖ, ಹೀಟ್ ಸಿಂಕ್ ಪ್ರತಿ ಡಿಗ್ರಿಗೆ ಹೆಚ್ಚುವರಿಯಾಗಿ ಹೊರಹಾಕಬಲ್ಲ ಶಾಖಕ್ಕಿಂತ ಕಡಿಮೆಯಿದ್ದರೆ ಚಕ್ರ ನಿಲ್ಲುತ್ತದೆ. ಹೆಚ್ಚಿದ್ದರೆ ನಿಲ್ಲುವುದಿಲ್ಲ.

ಕಲೆಕ್ಟರ್ ಮತ್ತು ಎಮಿಟರ್ ನಡುವಿನ ವೋಲ್ಟೇಜ್ ಸಪ್ಲೈ ವೋಲ್ಟೇಜಿನ ಅರ್ಧಕ್ಕಿಂತ ಕಡಿಮೆ ಇದ್ದು, ಉಳಿದದ್ದು ರೆಸಿಸ್ಟರ್‌ಗಳ ಮೇಲೆ ಬೀಳುವ ಸರ್ಕ್ಯೂಟಿನಲ್ಲಿ ಈ ಅಪಾಯವಿಲ್ಲ. ಅಲ್ಲಿ ಕರೆಂಟ್ ಏರಿದಾಗ ಟ್ರಾನ್ಸಿಸ್ಟರಿನ ಪಾಲಿನ ವ್ಯಾಟ್ ಇಳಿಯುತ್ತದೆ. ಲೋಡಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ, ಅಥವಾ ಕಲೆಕ್ಟರ್ ನೇರವಾಗಿ ಸಪ್ಲೈಗೆ ತಾಗಿರುವ ಪವರ್ ಸರ್ಕ್ಯೂಟುಗಳಲ್ಲಿ ಈ ರಕ್ಷಣೆ ಇರುವುದಿಲ್ಲ. ಸುಟ್ಟುಹೋಗುವ ಪ್ರಕರಣಗಳು ಹೆಚ್ಚಾಗಿ ಅಂಥ ಕಡೆಯವೇ.

ಬಯಾಸ್ ಕೊಡುವ ಬಗೆ

ಬಯಾಸ್ ಸರಿಯಾಗಿದ್ದರೆ ಉಷ್ಣಾಂಶದ ತೊಂದರೆಯ ಬಹುಪಾಲು ಅಲ್ಲೇ ಮುಗಿಯುತ್ತದೆ. 12 ವೋಲ್ಟ್ ಸಪ್ಲೈ, ಬೀಟಾ 200 ಇರುವ ಟ್ರಾನ್ಸಿಸ್ಟರ್, 3.9 ಕಿಲೋಓಮ್ ಕಲೆಕ್ಟರ್ ರೆಸಿಸ್ಟರ್ ಎಂದಿಟ್ಟುಕೊಂಡು ಎರಡು ಬಗೆಗಳನ್ನು ಹೋಲಿಸಬಹುದು.

ಮೊದಲನೆಯದು ಫಿಕ್ಸೆಡ್ ಬಯಾಸ್: ಸಪ್ಲೈಯಿಂದ ಬೇಸಿಗೆ 1.6 ಮೆಗಾಓಮಿನ ಒಂದೇ ರೆಸಿಸ್ಟರ್. ಬೇಸ್ ಕರೆಂಟ್ 7 ಮೈಕ್ರೋಆಂಪಿಯರ್, ಕಲೆಕ್ಟರ್ ಕರೆಂಟ್ 1.4 ಮಿಲಿಆಂಪಿಯರ್. ಉಷ್ಣಾಂಶ 40 ಡಿಗ್ರಿ ಏರಿದರೆ ಬೀಟಾ ಶೇ 20ರಿಂದ 40ರಷ್ಟು ಏರುತ್ತದೆ, ಕಲೆಕ್ಟರ್ ಕರೆಂಟೂ ಅಷ್ಟೇ ಏರಿ 1.7ರಿಂದ 2 ಮಿಲಿಆಂಪಿಯರ್ ಮುಟ್ಟುತ್ತದೆ. ಅದೇ ನಂಬರಿನ ಬೇರೆ ಟ್ರಾನ್ಸಿಸ್ಟರ್ ಹಾಕಿದರೂ ಬೀಟಾ ಬದಲಾಗುವುದರಿಂದ ಈ ಸರ್ಕ್ಯೂಟನ್ನು ನೆಚ್ಚುವಂತಿಲ್ಲ.

ಎರಡನೆಯದು ವೋಲ್ಟೇಜ್ ಡಿವೈಡರ್ ಬಯಾಸ್: 47 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳು ಬೇಸನ್ನು ಸುಮಾರು 2.1 ವೋಲ್ಟಿನಲ್ಲಿ ಹಿಡಿಯುತ್ತವೆ, ಎಮಿಟರಿನಲ್ಲಿ 1 ಕಿಲೋಓಮ್ ಇರುತ್ತದೆ. ಎಮಿಟರ್ ಮೇಲೆ ಸುಮಾರು 1.4 ವೋಲ್ಟ್ ನಿಂತು 1.4 ಮಿಲಿಆಂಪಿಯರ್ ಹರಿಯುತ್ತದೆ. 40 ಡಿಗ್ರಿಗೆ ಬೇಸ್–ಎಮಿಟರ್ ವೋಲ್ಟೇಜ್ 80 ಮಿಲಿವೋಲ್ಟ್ ಇಳಿದಾಗ ಎಮಿಟರಿನ ವೋಲ್ಟೇಜ್ ಅಷ್ಟೇ ಏರುತ್ತದೆ. ಅದರಿಂದ ಕರೆಂಟ್ ಏರುವುದು 0.08 ಮಿಲಿಆಂಪಿಯರ್, ಅಂದರೆ ಸುಮಾರು ಶೇ 6. ಬೀಟಾ ಬದಲಾದರೂ ಇಲ್ಲಿ ಹೆಚ್ಚೇನೂ ಆಗುವುದಿಲ್ಲ. ಕರೆಂಟ್ ಏರಲು ಹೊರಟರೆ ಎಮಿಟರ್ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಏರಿ, ಬೇಸ್–ಎಮಿಟರ್‌ಗೆ ಸಿಗುವ ಪಾಲು ತಗ್ಗಿ, ಏರಿಕೆ ಅಲ್ಲೇ ನಿಲ್ಲುತ್ತದೆ. ಎಮಿಟರ್ ಮೇಲೆ ಕನಿಷ್ಠ 1 ವೋಲ್ಟ್ ಬಿಡಬೇಕು, ಡಿವೈಡರಿನಲ್ಲಿ ಬೇಸ್ ಕರೆಂಟಿನ ಹತ್ತು ಪಟ್ಟಾದರೂ ಹರಿಯಬೇಕು ಎಂಬ ನಿಯಮಗಳ ಹಿಂದಿನ ತರ್ಕ ಇದೇ.

ಆಡಿಯೊ ಆಂಪ್ಲಿಫೈಯರಿನ ಔಟ್‌ಪುಟ್ ಹಂತದಲ್ಲಿ ಇಷ್ಟು ದೊಡ್ಡ ಎಮಿಟರ್ ರೆಸಿಸ್ಟರ್ ಹಾಕಿದರೆ ಪವರ್ ಅಲ್ಲೇ ಪೋಲಾಗುತ್ತದೆ. ಹಾಗಾಗಿ 0.22ರಿಂದ 0.47 ಓಮಿನ ಸಣ್ಣ ರೆಸಿಸ್ಟರ್‌ಗಳನ್ನು ಹಾಕಿ, ಬಯಾಸ್ ವೋಲ್ಟೇಜೇ ಬಿಸಿಯೊಂದಿಗೆ ಇಳಿಯುವಂತೆ ಮಾಡುತ್ತಾರೆ. ಬಯಾಸ್ ಕೊಡುವ ಡಯೋಡುಗಳನ್ನು, ಅಥವಾ ವಿಬಿಇ ಮಲ್ಟಿಪ್ಲೈಯರ್ ಎಂಬ ಸಣ್ಣ ಟ್ರಾನ್ಸಿಸ್ಟರನ್ನು, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಹೀಟ್ ಸಿಂಕಿಗೇ ಬಿಗಿಯಲಾಗುತ್ತದೆ. ಹೀಟ್ ಸಿಂಕ್ ಕಾದಂತೆ ಅದರ ವೋಲ್ಟೇಜೂ ಇಳಿದು ಬಯಾಸ್ ತಗ್ಗುತ್ತದೆ. ದುರಸ್ತಿಯ ಸಮಯದಲ್ಲಿ ಈ ಸಣ್ಣ ಟ್ರಾನ್ಸಿಸ್ಟರನ್ನು ಹೀಟ್ ಸಿಂಕಿನಿಂದ ಬಿಚ್ಚಿ ಹಾಗೇ ಬೋರ್ಡಿನ ಮೇಲೆ ಬಿಟ್ಟರೆ ಹೊಸದಾಗಿ ಹಾಕಿದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೂ ಸುಡುತ್ತವೆ.

ಮಾಸ್‌ಫೆಟ್‌ನ ನಡೆ ಬೇರೆ

ಪವರ್ ಮಾಸ್‌ಫೆಟ್ ಪೂರ್ತಿ ಆನ್ ಆಗಿರುವಾಗ ಅದರ ರೆಸಿಸ್ಟೆನ್ಸ್ ಬಿಸಿಯೊಂದಿಗೆ ಏರುತ್ತದೆ. 25 ಡಿಗ್ರಿಯಲ್ಲಿರುವುದಕ್ಕಿಂತ 125 ಡಿಗ್ರಿಯಲ್ಲಿ ಅದು ಒಂದೂವರೆಯಿಂದ ಎರಡು ಪಟ್ಟು ಆಗಿರಬಹುದು. ಹಲವು ಮಾಸ್‌ಫೆಟ್‌ಗಳನ್ನು ಪ್ಯಾರಲಲ್ ಜೋಡಿಸಿದಾಗ ಹೆಚ್ಚು ಕಾದದ್ದು ಕಡಿಮೆ ಕರೆಂಟ್ ತೆಗೆದುಕೊಳ್ಳುವುದರಿಂದ ಹಂಚಿಕೆ ತಾನಾಗಿ ಸರಿಹೋಗುತ್ತದೆ. ಬೈಪೋಲಾರ್ ಟ್ರಾನ್ಸಿಸ್ಟರ್‌ಗಳಲ್ಲಿ ಇದು ತಲೆಕೆಳಗು: ಕಾದದ್ದೇ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ. ಅವುಗಳನ್ನು ಪ್ಯಾರಲಲ್ ಜೋಡಿಸುವಾಗ ಪ್ರತಿಯೊಂದರ ಎಮಿಟರಿಗೂ ಪ್ರತ್ಯೇಕ ರೆಸಿಸ್ಟರ್ ಕಡ್ಡಾಯ.

ಆದರೆ ಮಾಸ್‌ಫೆಟ್ ಬಿಸಿಗೆ ಹೆದರುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಅದರ ಥ್ರೆಶೋಲ್ಡ್ ವೋಲ್ಟೇಜ್ ಬಿಸಿಯಾದಂತೆ ಇಳಿಯುತ್ತದೆ. ಸ್ವಿಚ್ ಆಗಿ ಬಳಸದೆ ಲೀನಿಯರ್ ಆಗಿ, ಕಡಿಮೆ ಕರೆಂಟ್ ಮತ್ತು ಹೆಚ್ಚು ವೋಲ್ಟೇಜಿನಲ್ಲಿ ಬಳಸಿದರೆ ಚಿಪ್ಪಿನ ಒಂದು ಭಾಗ ಹೆಚ್ಚು ಕಾದು ಅಲ್ಲಿಗೇ ಕರೆಂಟ್ ಮುತ್ತಿಕೊಳ್ಳಬಹುದು. ಡೇಟಾಶೀಟಿನ ಸೇಫ್ ಆಪರೇಟಿಂಗ್ ಏರಿಯಾ ನಕ್ಷೆಯಲ್ಲಿ ಡಿಸಿ ಗೆರೆ ಇಲ್ಲದ ಮಾಸ್‌ಫೆಟ್ ಅಂಥ ಕೆಲಸಕ್ಕೆ ತಕ್ಕದ್ದಲ್ಲ.

ಶಾಖದ ಲೆಕ್ಕ

ಜಂಕ್ಷನ್ ಎಷ್ಟು ಕಾಯುತ್ತದೆ ಎಂಬುದನ್ನು ಒಂದು ಸರಳ ಸೂತ್ರದಿಂದ ತಿಳಿಯಬಹುದು:

ಜಂಕ್ಷನ್ ಉಷ್ಣಾಂಶ = ಸುತ್ತಲಿನ ಗಾಳಿಯ ಉಷ್ಣಾಂಶ + (ವ್ಯಯವಾಗುವ ವ್ಯಾಟ್ × ಒಟ್ಟು ಉಷ್ಣ ರೋಧ)

ಉಷ್ಣ ರೋಧ ಎಂದರೆ ಒಂದು ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಎಂಬ ಅಳತೆ. 7805 ರೆಗ್ಯುಲೇಟರನ್ನೇ ತೆಗೆದುಕೊಂಡರೆ, 12 ವೋಲ್ಟಿನಿಂದ 5 ವೋಲ್ಟಿಗೆ ಇಳಿಸಿ ಅರ್ಧ ಆಂಪಿಯರ್ ಕೊಡುವಾಗ ಅದರೊಳಗೆ 7 × 0.5 = 3.5 ವ್ಯಾಟ್ ಶಾಖ ಹುಟ್ಟುತ್ತದೆ. ಹೀಟ್ ಸಿಂಕ್ ಇಲ್ಲದ ಟಿಒ-220 ಕವಚದ ಉಷ್ಣ ರೋಧ ವ್ಯಾಟಿಗೆ ಸುಮಾರು 65 ಡಿಗ್ರಿ. 3.5ರಿಂದ ಗುಣಿಸಿದರೆ 227 ಡಿಗ್ರಿ ಏರಿಕೆ! ಅಷ್ಟಕ್ಕೆ ಮುಟ್ಟುವ ಮೊದಲೇ ಒಳಗಿನ ಥರ್ಮಲ್ ಶಟ್‌ಡೌನ್ ಔಟ್‌ಪುಟ್ಟನ್ನು ಕಡಿತಗೊಳಿಸುತ್ತದೆ. ವ್ಯಾಟಿಗೆ 10 ಡಿಗ್ರಿಯ ಹೀಟ್ ಸಿಂಕ್ ಹಾಕಿದರೆ ಜಂಕ್ಷನ್ನಿನಿಂದ ಕವಚಕ್ಕೆ 5, ನಡುವಿನ ಹಾಳೆಗೆ 1, ಹೀಟ್ ಸಿಂಕಿಗೆ 10, ಒಟ್ಟು 16. ಏರಿಕೆ 56 ಡಿಗ್ರಿ. ಸುತ್ತಲಿನ ಗಾಳಿ 40 ಡಿಗ್ರಿ ಇದ್ದರೆ ಜಂಕ್ಷನ್ 96 ಡಿಗ್ರಿ, ಇದು ಸುರಕ್ಷಿತ.

ಇಲ್ಲಿ ಗಾಳಿ ಎಂದರೆ ಪೆಟ್ಟಿಗೆಯೊಳಗಿನ ಗಾಳಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಒಡ್ಡಿದ ತಗಡಿನ ಪೆಟ್ಟಿಗೆಯಲ್ಲಿ 60 ಮುಟ್ಟಿದರೂ ಆಶ್ಚರ್ಯವಿಲ್ಲ. ಹೊಲದಲ್ಲಿ ಕೂರಿಸುವ ಪಂಪ್ ಕಂಟ್ರೋಲರಿಗಾಗಲಿ, ಸೋಲಾರ್ ದೀಪದ ಡ್ರೈವರಿಗಾಗಲಿ ಲೆಕ್ಕವನ್ನು ಆ 60ರಿಂದ ಶುರುಮಾಡಬೇಕು.

ಡೇಟಾಶೀಟಿನಲ್ಲಿ ಬರೆದ ವ್ಯಾಟನ್ನೂ ಇದೇ ಕಣ್ಣಿನಿಂದ ನೋಡಬೇಕು. 2ಎನ್3055 ಟ್ರಾನ್ಸಿಸ್ಟರ್ 115 ವ್ಯಾಟಿನದು. ಆದರೆ ಅದು ಕವಚವನ್ನು 25 ಡಿಗ್ರಿಯಲ್ಲಿ ಹಿಡಿದಿಟ್ಟಾಗಿನ ಮಾತು. ಅಲ್ಲಿಂದ ಪ್ರತಿ ಡಿಗ್ರಿಗೆ ಸುಮಾರು 0.66 ವ್ಯಾಟ್ ಕಳೆಯುತ್ತ ಹೋದರೆ ಕವಚ 100 ಡಿಗ್ರಿಯಾದಾಗ ಉಳಿಯುವುದು 66 ವ್ಯಾಟ್ ಮಾತ್ರ.

ಹೀಟ್ ಸಿಂಕ್ ಕೂರಿಸುವಾಗ ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಬೇಕು. ಎರಡು ಲೋಹಗಳ ನಡುವಿನ ಗಾಳಿಯ ಸಂದುಗಳನ್ನು ತುಂಬುವುದಷ್ಟೇ ಅದರ ಕೆಲಸ. ದಪ್ಪಗೆ ಮೆತ್ತಿದರೆ ಶಾಖಕ್ಕೆ ಅದೇ ಅಡ್ಡಿಯಾಗುತ್ತದೆ. ಪವರ್ ಟ್ರಾನ್ಸಿಸ್ಟರ್‌ಗಳ ಲೋಹದ ಭಾಗ ಸಾಮಾನ್ಯವಾಗಿ ಕಲೆಕ್ಟರಿಗೇ ಸೇರಿರುತ್ತದೆ. ಹೀಟ್ ಸಿಂಕಿಗೆ ವಿದ್ಯುತ್ ಹರಿಯದಂತೆ ಮೈಕಾ ಅಥವಾ ಸಿಲಿಕೋನ್ ಹಾಳೆಯ ಜೊತೆಗೆ ಸ್ಕ್ರೂಗೂ ಇನ್ಸುಲೇಟಿಂಗ್ ಬುಷ್ ಹಾಕಿ, ಮೀಟರಿನಿಂದ ಪರೀಕ್ಷಿಸಿದ ಮೇಲೆ ಪವರ್ ಕೊಡಬೇಕು. ಬೆಂಗಳೂರಿನ ಎಸ್.ಪಿ. ರೋಡಿನಂಥ ಬಿಡಿಭಾಗಗಳ ಪೇಟೆಯಲ್ಲಿ ಇವೆಲ್ಲ ಸುಲಭವಾಗಿ ಸಿಗುತ್ತವೆ.

ಬಿಸಿಯಾದಾಗ ಮಾತ್ರ ಕಾಣುವ ದೋಷ

ಆನ್ ಮಾಡಿದಾಗ ಸರಿಯಿದ್ದು ಅರ್ಧ ಗಂಟೆಯ ನಂತರ ಕೈಕೊಡುವ ಉಪಕರಣದಲ್ಲಿ ಉಷ್ಣಾಂಶವನ್ನೇ ಮೊದಲು ಶಂಕಿಸಬೇಕು. ಹೇರ್ ಡ್ರೈಯರಿನಿಂದ ಒಂದೊಂದೇ ಭಾಗವನ್ನು ಬಿಸಿ ಮಾಡಿ ದೋಷ ಬರಿಸುವುದು, ದೋಷ ಬಂದ ಮೇಲೆ ಫ್ರೀಜ್ ಸ್ಪ್ರೇಯಿಂದ ಒಂದೊಂದನ್ನೇ ತಂಪು ಮಾಡಿ ಯಾವುದಕ್ಕೆ ಸರಿಹೋಗುತ್ತದೆಂದು ನೋಡುವುದು ಹಳೆಯ, ಆದರೆ ಖಚಿತ ವಿಧಾನ. ಕಾರಣ ಟ್ರಾನ್ಸಿಸ್ಟರೇ ಆಗಿರಬೇಕೆಂದಿಲ್ಲ. ಬಿರುಕು ಬಿಟ್ಟ ಬೆಸುಗೆ ಅಥವಾ ಒಣಗಿದ ಥರ್ಮಲ್ ಪೇಸ್ಟ್ ಕೂಡ ಇದೇ ಲಕ್ಷಣ ತೋರುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಉಷ್ಣಾಂಶವನ್ನು ಕಡಿಮೆ ತೋರಿಸುತ್ತದೆ. ಅಲ್ಲಿ ಕಪ್ಪು ಟೇಪಿನ ತುಣುಕು ಅಂಟಿಸಿ ಅಳೆದರೆ ನಿಜಕ್ಕೆ ಹತ್ತಿರದ ಅಂಕಿ ಸಿಗುತ್ತದೆ. ಮೇನ್ಸಿಗೆ ಸೇರಿದ ಭಾಗಗಳ ಬಿಸಿಯನ್ನು ಬೆರಳಿನಿಂದ ಮುಟ್ಟಿ ನೋಡಲೇಬಾರದು. ಪವರ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳು ಡಿಸ್ಚಾರ್ಜ್ ಆಗಿವೆಯೇ ಎಂದು ಅಳೆದೇ ಕೈಹಾಕಬೇಕು.

ಚಳಿಯಲ್ಲಿ ಎಲ್ಲವೂ ತಿರುವುಮುರುವು. ಬೇಸ್–ಎಮಿಟರ್ ವೋಲ್ಟೇಜ್ ಏರುತ್ತದೆ, ಬೀಟಾ ಇಳಿಯುತ್ತದೆ. ಬೇಸ್ ಕರೆಂಟನ್ನು ಬಿಗಿಯಾಗಿ ಲೆಕ್ಕಹಾಕಿದ ರಿಲೇ ಡ್ರೈವರ್ ಚಳಿಗಾಲದ ಬೆಳಗಿನಲ್ಲಿ ರಿಲೇಯನ್ನು ಎಳೆಯದೇ ಹೋಗಬಹುದು. ಸ್ವಿಚ್ ಆಗಿ ಬಳಸುವ ಟ್ರಾನ್ಸಿಸ್ಟರಿಗೆ ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗದಷ್ಟು ಬೇಸ್ ಕರೆಂಟ್ ಕೊಡುವ ರೂಢಿಯಿಂದ ಈ ತೊಂದರೆ ತಪ್ಪುತ್ತದೆ. ಬಿಡಿಭಾಗಗಳನ್ನು ಕೊಳ್ಳುವಾಗ ಅವುಗಳ ದರ್ಜೆಯನ್ನೂ ನೋಡಬೇಕು: ಸಾಮಾನ್ಯ ದರ್ಜೆಯ ಐಸಿಗಳಿಗೆ 0ರಿಂದ 70, ಕೈಗಾರಿಕಾ ದರ್ಜೆಗೆ ಮೈನಸ್ 40ರಿಂದ 85, ಮಿಲಿಟರಿ ದರ್ಜೆಗೆ ಮೈನಸ್ 55ರಿಂದ 125 ಡಿಗ್ರಿ ರೂಢಿಯ ಮಿತಿಗಳು.

ದೋಷವೇ ಉಪಯೋಗವಾದದ್ದು

ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುವ ಗುಣ ನಿಯತವಾಗಿರುವುದರಿಂದ ಡಯೋಡನ್ನೇ ಥರ್ಮಾಮೀಟರಾಗಿ ಬಳಸಬಹುದು. ಕಂಪ್ಯೂಟರಿನ ಪ್ರೊಸೆಸರುಗಳಲ್ಲಿ ಚಿಪ್ಪಿನ ಬಿಸಿ ಅಳೆಯಲು ಇಂಥ ಜಂಕ್ಷನ್ನನ್ನು ಬಳಸಲಾಗುತ್ತದೆ. ಎಲ್‌ಎಂ35 ಐಸಿ ಟ್ರಾನ್ಸಿಸ್ಟರ್ ಜಂಕ್ಷನ್‌ಗಳ ಇದೇ ಗುಣವನ್ನು ಹದಗೊಳಿಸಿ ಡಿಗ್ರಿಗೆ ನೇರ 10 ಮಿಲಿವೋಲ್ಟ್ ಕೊಡುತ್ತದೆ. ಇನ್ನೊಂದೆಡೆ, ಬೇರೆ ಬೇರೆ ಸಾಂದ್ರತೆಯ ಕರೆಂಟ್ ಹರಿಯುವ ಎರಡು ಟ್ರಾನ್ಸಿಸ್ಟರ್‌ಗಳ ಬೇಸ್–ಎಮಿಟರ್ ವೋಲ್ಟೇಜುಗಳ ವ್ಯತ್ಯಾಸ ಬಿಸಿಯೊಂದಿಗೆ ಏರುತ್ತದೆ. ಈ ಏರಿಕೆಯನ್ನು ತಕ್ಕಷ್ಟು ವರ್ಧಿಸಿ ಇಳಿಯುವ ಬೇಸ್–ಎಮಿಟರ್ ವೋಲ್ಟೇಜಿಗೆ ಕೂಡಿಸಿದರೆ ಸುಮಾರು 1.2 ವೋಲ್ಟಿನ ಸ್ಥಿರ ವೋಲ್ಟೇಜ್ ಸಿಗುತ್ತದೆ. ಬಾಬ್ ವಿಡ್ಲರ್ ಬಳಕೆಗೆ ತಂದ ಈ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಇಂದು ಅಸಂಖ್ಯ ರೆಗ್ಯುಲೇಟರ್ ಐಸಿಗಳ ಒಳಗಿದೆ. ಇನ್ನೂ ಹೆಚ್ಚಿನ ಬಿಸಿ ತಡೆಯಬೇಕಾದ ಕಡೆ, ಉದಾಹರಣೆಗೆ ವಿದ್ಯುತ್ ವಾಹನಗಳ ಇನ್ವರ್ಟರುಗಳಲ್ಲಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಬ್ಯಾಂಡ್ ಗ್ಯಾಪಿನ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳು ಬಳಕೆಗೆ ಬಂದಿವೆ.

ಯಾವುದೇ ಸರ್ಕ್ಯೂಟನ್ನು ಪೆಟ್ಟಿಗೆಗೆ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರಬೇಕು: ಪೆಟ್ಟಿಗೆಯೊಳಗಿನ ಗಾಳಿ ಹೆಚ್ಚೆಂದರೆ ಎಷ್ಟು ಬಿಸಿಯಾದೀತು, ಪ್ರತಿ ಪವರ್ ಬಿಡಿಭಾಗದಲ್ಲಿ ಎಷ್ಟು ವ್ಯಾಟ್ ವ್ಯಯವಾಗುತ್ತದೆ, ಆಗ ಜಂಕ್ಷನ್ ಎಷ್ಟು ಡಿಗ್ರಿ ಮುಟ್ಟುತ್ತದೆ, ಆ ಉಷ್ಣಾಂಶದಲ್ಲಿ ಬಯಾಸ್ ನಿಲ್ಲುತ್ತದೆಯೇ. ಲೆಕ್ಕದ ಜಂಕ್ಷನ್ ಉಷ್ಣಾಂಶ ಡೇಟಾಶೀಟಿನ ಗರಿಷ್ಠ ಮಿತಿಗಿಂತ 25ರಿಂದ 30 ಡಿಗ್ರಿಯಾದರೂ ಕೆಳಗಿದ್ದರೆ ಮಾತ್ರ ಅಂಥ ಸರ್ಕ್ಯೂಟನ್ನು ನಂಬಬಹುದು.